ಸ್ತನ ಉಳಿಸುವ ಆಪರೇಷನ್‌ಗಳು: ಯಾವುದು ಯಾರಿಗೆ, ಎಲ್ಲಿ ಕೈಕೊಡುತ್ತದೆ

ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟು ಬಂದ ದಿನ ತೀರ್ಥಹಳ್ಳಿ ಕಡೆಯ ಮನೆಯಾಗಲಿ, ಸೊರಬದ ಮನೆಯಾಗಲಿ, ಜಗಲಿಯಲ್ಲಿ ಆಗುವ ತೀರ್ಮಾನ ಹೆಚ್ಚುಕಡಿಮೆ ಒಂದೇ. "ಪೂರ್ತಿ ತೆಗೆಸಿಬಿಡೋಣ, ಬೇರು ಸಮೇತ ಹೋಗ್ಲಿ." ಭಯ ಸಹಜ, ಆದರೆ ಲೆಕ್ಕ ಹಳೆಯದು. 1973ರಲ್ಲಿ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೆಸಿ, 1976ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಎಂಬ ಸರ್ಜನ್‌ಗಳು ಇದನ್ನೇ ಪರೀಕ್ಷೆಗಿಟ್ಟರು. ಇಡೀ ಸ್ತನ ತೆಗೆದವರನ್ನೂ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟವರನ್ನೂ 20 ವರ್ಷ ಬೆನ್ನುಹತ್ತಿ ನೋಡಿದರು. ಎರಡೂ ಫಲಿತಾಂಶ 2002ರಲ್ಲಿ ಪ್ರಕಟವಾದವು. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಅದೇ ಸ್ತನದಲ್ಲಿ ಮತ್ತೆ ಗಡ್ಡೆ ಬರುವ ಸಂಭವ ಮಾತ್ರ ಉಳಿಸಿಕೊಂಡವರಲ್ಲಿ ಸ್ವಲ್ಪ ಜಾಸ್ತಿ. ಮಿಲಾನ್‌ನಲ್ಲಿ 20 ವರ್ಷದಲ್ಲಿ ಅದು 8.8 ಪರ್ಸೆಂಟ್. ಪೂರ್ತಿ ತೆಗೆಸಿದವರಲ್ಲೂ ಸೊನ್ನೆಯಾಗಲಿಲ್ಲ, 2.3 ಪರ್ಸೆಂಟ್ ಇತ್ತು.

ಉಳಿಸಬಹುದು ಎಂಬುದು ಹೀಗೆ ಇತ್ಯರ್ಥವಾಗಿದೆ. ಹೇಗೆ ಉಳಿಸುವುದು ಎಂಬಲ್ಲಿ ಹತ್ತಾರು ವಿಧಾನಗಳಿವೆ, ಹೆಸರುಗಳೂ ಭರ್ಜರಿಯಾಗಿವೆ. ಶಿವಮೊಗ್ಗದಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿ ಬಂದವರು "ಅಲ್ಲಿ ಆಂಕೋಪ್ಲಾಸ್ಟಿ (ಗಡ್ಡೆ ತೆಗೆದು ಸ್ತನದ ಆಕಾರ ಸರಿಪಡಿಸುವುದು) ಮಾಡ್ತಾರಂತೆ" ಎಂದಾಗ ಅದೊಂದು ಬೇರೆಯದೇ ಮೇಲ್ದರ್ಜೆಯ ಚಿಕಿತ್ಸೆ ಅನ್ನಿಸಬಹುದು. ಹಾಗೇನೂ ಇಲ್ಲ. ಕ್ಯಾನ್ಸರ್ ತೆಗೆಯುವ ಕೆಲಸ ಎಲ್ಲದರಲ್ಲೂ ಒಂದೇ, ತೆಗೆದ ಗುಳಿಯನ್ನು ಏನು ಮಾಡುತ್ತಾರೆ ಎಂಬಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ.

ಮೊದಲು ಗುಳಿಯ ಲೆಕ್ಕ

ಗಡ್ಡೆಯ ಸುತ್ತ ಕೈಗೆ ಸಿಗುವ ಅಂದಾಜಿನಲ್ಲಿ 1 ಸೆಂಟಿಮೀಟರ್ ಒಳ್ಳೆಯ ಭಾಗ ಸೇರಿಸಿ ಕತ್ತರಿಸುವುದು ರೂಢಿ. 2 ಸೆಂಮೀ ಗಡ್ಡೆಗೆ 4 ಸೆಂಮೀ ಉಂಡೆ ಹೊರಬರುತ್ತದೆ, ಸುಮಾರು 33 ಎಂಎಲ್. 3 ಸೆಂಮೀ ಗಡ್ಡೆಗೆ 5 ಸೆಂಮೀ ಉಂಡೆ, ಅಂದರೆ 65 ಎಂಎಲ್. 4 ಸೆಂಮೀ ಆದರೆ 113 ಎಂಎಲ್. ಗಡ್ಡೆ ದುಪ್ಪಟ್ಟಾದರೆ ಗುಳಿ ಮೂರು ಪಟ್ಟಿಗೂ ಮೀರುತ್ತದೆ. 400 ಎಂಎಲ್ ಸ್ತನದಲ್ಲಿ ಈ ಮೂರು ಗುಳಿಗಳು 8, 16, 28 ಪರ್ಸೆಂಟ್. ಅದೇ ಗಡ್ಡೆಗಳು 250 ಎಂಎಲ್‌ನ ಸಣ್ಣ ಸ್ತನದಲ್ಲಿದ್ದರೆ 13, 26, 45.

2010ರಲ್ಲಿ ಫ್ರಾನ್ಸಿನ ಕ್ರಿಶ್ನಾ ಕ್ಲೌ ತಂಡ ಇದನ್ನೇ ಎರಡು ಮಟ್ಟವಾಗಿ ವಿಂಗಡಿಸಿತು. ಹೋಗುವ ಭಾಗ 20 ಪರ್ಸೆಂಟ್‌ಗಿಂತ ಕಡಿಮೆಯಿದ್ದರೆ ಮೊದಲ ಮಟ್ಟ, ಪಕ್ಕದ ಗ್ರಂಥಿಯನ್ನು, ಅಂದರೆ ಸ್ತನದ ಒಳಮಾಂಸವನ್ನು, ಸರಿಸಿ ಹೊಲಿದರೆ ಸಾಕು. 20ರಿಂದ 50 ಆದರೆ ಎರಡನೇ ಮಟ್ಟ, ಚರ್ಮವನ್ನೂ ಕತ್ತರಿಸಿ ಇಡೀ ಸ್ತನದ ಆಕಾರವನ್ನೇ ಮರುಜೋಡಿಸಬೇಕು. ಇದರ ಜೊತೆಗೆ ಜಾಗದ ಪ್ರಶ್ನೆಯೂ ಇದೆ. ಹೊರಮೇಲ್ಭಾಗ, ಅಂದರೆ ಕಂಕುಳ ಕಡೆಯ ಮೂಲೆ, ಬಹಳ ಸಹಿಸಿಕೊಳ್ಳುತ್ತದೆ. ಪುಣ್ಯಕ್ಕೆ ಸುಮಾರು ಅರ್ಧದಷ್ಟು ಗಡ್ಡೆಗಳು ಅಲ್ಲೇ ಬರುವುದು. ಎದೆಮೂಳೆಯ ಕಡೆ ಮತ್ತು ಕೆಳಭಾಗ ಮಾತ್ರ ಚಿಕ್ಕ ಗುಳಿಯನ್ನೂ ಮುಚ್ಚಿಡಲಾರವು.

ಡಾಕ್ಟರ ಬಳಿ ಹೋದಾಗ ಕೇಳಬೇಕಾದ ಮೊದಲ ಮಾತು ಇದೇ: "ಗಡ್ಡೆ ಎಷ್ಟು ಸೆಂಟಿಮೀಟರ್, ಯಾವ ಮೂಲೆ, ಸ್ತನದಲ್ಲಿ ಎಷ್ಟು ಪಾಲು ಹೋಗುತ್ತೆ?" ಈ ಮೂರಕ್ಕೆ ಉತ್ತರ ಸಿಗದೆ ವಿಧಾನದ ಹೆಸರು ಮೊದಲು ಬಂದರೆ ಅಲ್ಲಿ ಸ್ವಲ್ಪ ನಿಧಾನಿಸಿ.

ಉಳಿಸಲು ಆಗದ ಸಂದರ್ಭಗಳೂ ಇವೆ. ಮ್ಯಾಮೊಗ್ರಾಮ್‌ನಲ್ಲಿ ಸ್ತನದ ತುಂಬ ಅನುಮಾನದ ಸುಣ್ಣದ ಚುಕ್ಕೆಗಳು ಹರಡಿರುವುದು, ಚರ್ಮ ಕೆಂಪೇರಿ ಊದಿಕೊಂಡ ಉರಿಯೂತದ ಕ್ಯಾನ್ಸರ್, ಎದೆಗೆ ಮೊದಲೇ ರೇಡಿಯೇಷನ್ ಆಗಿರುವುದು, ಬಸಿರಿನ ಮೊದಲ ತಿಂಗಳುಗಳು, ಮತ್ತೆ ಮತ್ತೆ ಕತ್ತರಿಸಿದರೂ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವುದು. ಇಂಥ ಕಡೆ ಹಟ ಮಾಡುವುದರಲ್ಲಿ ಅರ್ಥವಿಲ್ಲ.

ಸಾದಾ ಲಂಪೆಕ್ಟಮಿ

ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವುದು ಇದು. ಸರಿಯಾದ ಗಡ್ಡೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕಂಕುಳಿನ ದುಗ್ಧಗ್ರಂಥಿಗಳನ್ನು (ಗಂಟುಗಳನ್ನು) ತೆಗೆಯುವ ಕೆಲಸ ಬಿಟ್ಟರೆ ಒಂದು ತಾಸಿನೊಳಗೆ ಮುಗಿಯುತ್ತದೆ, ರಕ್ತ ಹೋಗುವುದು ಕಡಿಮೆ, ಡ್ರೈನ್ ನಳಿಗೆ ಬೇಕಿಲ್ಲ. ಮೇಲ್ಭಾಗದ ಗಡ್ಡೆಗೆ ತೊಟ್ಟಿನ ಸುತ್ತಿನ ಗೆರೆಗೆ ಸಮಾನಾಂತರವಾಗಿ, ಕೆಳಭಾಗದ್ದಕ್ಕೆ ಸ್ತನದ ಅಡಿಯ ಮಡಿಕೆಯಲ್ಲೋ ತೊಟ್ಟಿನಿಂದ ಕೆಳಕ್ಕೆ ನೇರವಾಗಿಯೋ ಕೊಯ್ಯುತ್ತಾರೆ. ಗಡ್ಡೆ ಚರ್ಮಕ್ಕೆ ಅಂಟಿಲ್ಲದಿದ್ದರೆ ಚರ್ಮ ತೆಗೆಯಬೇಕಾಗಿಲ್ಲ. ಎಡಗೈ ಬೆರಳಲ್ಲಿ ಗಡ್ಡೆ ಹಿಡಿದು, ಸುತ್ತ 1 ಸೆಂಮೀ ಬಿಟ್ಟು, ಎದೆಯ ಸ್ನಾಯುವಿನ ಮೇಲಿನ ಬಿಳಿ ಪೊರೆಯವರೆಗೂ ಇಳಿದು ಒಂದೇ ತುಂಡಾಗಿ ತೆಗೆಯುತ್ತಾರೆ.

ಎಡವಟ್ಟಾಗುವುದು ಆಮೇಲೆ. ಗುಳಿಯನ್ನು ಹಾಗೇ ಬಿಟ್ಟು ಚರ್ಮ ಮಾತ್ರ ಹೊಲಿದರೆ ಒಳಗೆ ನೀರು ತುಂಬಿ ಸ್ತನ ದುಂಡಗೆ ಕಾಣುತ್ತದೆ. ಮೊದಲ ತಿಂಗಳು ಎಲ್ಲರಿಗೂ ಖುಷಿ. ರೇಡಿಯೇಷನ್ ಆದಮೇಲೆ ಆ ನೀರು ಇಂಗುತ್ತದೆ, ಗಾಯದ ಗಂಟು ಕುಗ್ಗುತ್ತದೆ, ಅದರ ಜೊತೆ ಚರ್ಮವೂ ತೊಟ್ಟೂ ಒಳಕ್ಕೆ ಎಳೆದುಕೊಳ್ಳುತ್ತವೆ. ವರ್ಷ ಎರಡು ವರ್ಷದಲ್ಲಿ ಕಾಣುವ ತಗ್ಗು ಅದೇ. ಕೆಳಭಾಗದಲ್ಲಾದರೆ ತೊಟ್ಟು ನೆಲ ನೋಡುವಂತೆ ಬಾಗಿ, ಪಕ್ಕದಿಂದ ಹಕ್ಕಿಯ ಕೊಕ್ಕಿನ ಹಾಗೆ ಕಾಣುತ್ತದೆ. ರೇಡಿಯೇಷನ್ ಆದ ಸ್ತನದಲ್ಲಿ ಇದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ, ರಕ್ತಸಂಚಾರ ಮೊದಲಿನಂತಿರುವುದಿಲ್ಲ. ಸರಿ ಮಾಡುವುದಿದ್ದರೆ ಮೊದಲ ಸಲವೇ, ಅದೇ ಟೇಬಲ್ ಮೇಲೇ.

ಮಿಲಾನ್‌ನಲ್ಲಿ ಮಾಡಿದ ಕ್ವಾಡ್ರಂಟೆಕ್ಟಮಿ, ಅಂದರೆ ಚರ್ಮ ಸಮೇತ ಕಾಲುಭಾಗ ತೆಗೆಯುವುದು, ಈಗ ಅದೇ ರೂಪದಲ್ಲಿ ಬೇಕಾಗುವುದು ಅಪರೂಪ. ತಗ್ಗು ಬಿಟ್ಟುಹೋಗುವುದರಲ್ಲಿ ಅದು ಎಲ್ಲಕ್ಕಿಂತ ಮುಂದು.

ಗ್ರಂಥಿ ಸರಿಸಿ ಹೊಲಿಯುವುದು

ಜಿಲ್ಲಾ ಊರಿನ ಸರ್ಜನ್ ಒಬ್ಬರು ಇದೊಂದನ್ನು ಚೆನ್ನಾಗಿ ಕಲಿತರೆ ಬಹುಪಾಲು ಕೆಲಸ ಮುಗಿಯಿತು. ಗಡ್ಡೆ ತೆಗೆದ ಮೇಲೆ ಗ್ರಂಥಿಯನ್ನು ಮೇಲಿನ ಚರ್ಮದಿಂದಲೂ ಕೆಳಗಿನ ಸ್ನಾಯುವಿನಿಂದಲೂ ಬಿಡಿಸಿ, ಎರಡೂ ಕಡೆಯ ಗೋಡೆಗಳನ್ನು ಎಳೆದು ತಂದು ಗುಳಿಯ ನಡುವೆ ಕರಗುವ ದಾರದಲ್ಲಿ ಹೊಲಿಯುತ್ತಾರೆ.

ಎಷ್ಟು ಬಿಡಿಸಬೇಕು ಎನ್ನುವುದು ಮ್ಯಾಮೊಗ್ರಾಮ್ ರಿಪೋರ್ಟಿನಲ್ಲೇ ಬರೆದಿರುತ್ತದೆ, ಓದುವವರು ಕಡಿಮೆ. ಅದರಲ್ಲಿ ಸ್ತನದ ಸಾಂದ್ರತೆಗೆ ಎ, ಬಿ, ಸಿ, ಡಿ ಎಂದು ದರ್ಜೆ ಇರುತ್ತದೆ. ಸಿ, ಡಿ ಎಂದರೆ ಗಟ್ಟಿ ಗ್ರಂಥಿ, ಹೆಚ್ಚಾಗಿ ಚಿಕ್ಕ ವಯಸ್ಸಿನವರದ್ದು. ಮೇಲೆ ಕೆಳಗೆ ಎರಡೂ ಕಡೆ ಬಿಡಿಸಿದರೂ ತಡೆಯುತ್ತದೆ. ಎ, ಬಿ ಎಂದರೆ ಕೊಬ್ಬು ಜಾಸ್ತಿ. ಅದನ್ನು ಎರಡೂ ಕಡೆ ಬಿಡಿಸಿದರೆ ರಕ್ತ ಸಿಗದೆ ಕೊಬ್ಬು ಸಾಯುತ್ತದೆ. ಕೆಲವು ವಾರಕ್ಕೆ ಎಣ್ಣೆಯಂಥ ದ್ರವ ಸೋರಬಹುದು, ಇಲ್ಲವೇ ತಿಂಗಳುಗಳ ಮೇಲೆ ಒಣ ಅಡಿಕೆಯಷ್ಟು ಗಟ್ಟಿಯಾದ ಗಂಟು ಕೈಗೆ ಸಿಗಬಹುದು. ಕ್ಯಾನ್ಸರ್ ವಾಪಸ್ ಬಂತೆಂದು ಮನೆಯವರಿಗೆಲ್ಲ ನಡುಕ, ಇನ್ನೊಂದು ಬಯಾಪ್ಸಿ. ಕೊಬ್ಬಿನ ಸ್ತನವಾದರೆ ಒಂದೇ ಕಡೆ ಬಿಡಿಸುವುದು ಕ್ಷೇಮ.

ಇನ್ನೊಂದು ಸಣ್ಣ ಕೆಲಸವನ್ನು ತುಂಬ ಕಡೆ ಬಿಟ್ಟುಬಿಡುತ್ತಾರೆ. ಹೊಲಿಗೆ ಗಂಟು ಹಾಕುವ ಮುಂಚೆ ಟೇಬಲ್ಲಿನ ತಲೆಭಾಗ ಎತ್ತಿ ರೋಗಿಯನ್ನು ಅರ್ಧ ಕೂರಿಸಿದಂತೆ ಮಾಡಿ ನೋಡುವುದು. ಮಲಗಿದಾಗ ಚೆಂದ ಕಂಡ ಹೊಲಿಗೆ ಎದ್ದು ಕೂತಾಗ ಚರ್ಮವನ್ನು ಜಗ್ಗಿ ಗುಳಿ ಬೀಳಿಸುತ್ತದೆ. ಆಗಲೇ ಆ ಒಂದು ಹೊಲಿಗೆ ಬಿಚ್ಚಿ ಹಾಕಿದರೆ ಐದು ನಿಮಿಷದ ಕೆಲಸ. ಗುಳಿಯ ಕಡೆಗೆ ತೊಟ್ಟು ವಾಲುವಂತಿದ್ದರೆ ಎದುರು ದಿಕ್ಕಿನಲ್ಲಿ ಚರ್ಮದ ಮೇಲ್ಪದರವನ್ನು ಅರ್ಧಚಂದ್ರಾಕಾರದಲ್ಲಿ ಹೆರೆದು ತೊಟ್ಟನ್ನು ನಡುವಿಗೆ ತರುತ್ತಾರೆ.

ಎರಡನೇ ಮಟ್ಟದವು

ರೌಂಡ್ ಬ್ಲಾಕ್. ಫ್ರಾನ್ಸಿನ ಬೆನೆಲ್ಲಿ 1990ರಲ್ಲಿ ವಿವರಿಸಿದ್ದು. ತೊಟ್ಟಿನ ಕಪ್ಪು ವೃತ್ತದ ಅಂಚಿಗೆ ಒಂದು ಸುತ್ತು, ಅದರಿಂದ ಒಂದೆರಡು ಸೆಂಮೀ ಹೊರಗೆ ಇನ್ನೊಂದು ಸುತ್ತು. ಎರಡರ ನಡುವಿನ ಚರ್ಮದ ಮೇಲ್ಪದರ ಮಾತ್ರ ಹೆರೆದು ತೆಗೆದು, ಹೊರಸುತ್ತಿನಿಂದ ಒಳಗಿಳಿದು, ಗಡ್ಡೆ ತೆಗೆದು, ಕೊನೆಗೆ ಹೊರಸುತ್ತನ್ನು ಬಟ್ಟೆಚೀಲದ ಬಾಯಿಗೆ ದಾರ ಎಳೆದಂತೆ ಬಿಗಿಯುತ್ತಾರೆ. ಗುರುತು ಕಪ್ಪಿನ ಅಂಚಿನಲ್ಲೇ ಅಡಗುತ್ತದೆ, ಯಾವ ದಿಕ್ಕಿನ ಗಡ್ಡೆಗೂ ಕೈ ಹೋಗುತ್ತದೆ. ಸಣ್ಣ, ಮಧ್ಯಮ ಗಾತ್ರದ ಸ್ತನಕ್ಕೆ, ತೊಟ್ಟಿಗೆ ಹತ್ತಿರದ ಗಡ್ಡೆಗೆ ಇದು ಒಳ್ಳೆಯ ಆಯ್ಕೆ. ದಾರ ಬಿಗಿದ ಜಾಗದಲ್ಲಿ ಸುಕ್ಕು ಬೀಳುತ್ತದೆ, ಅದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಮೊದಲೇ ಹೇಳದಿದ್ದರೆ ಬ್ಯಾಂಡೇಜ್ ಬಿಚ್ಚಿದ ದಿನ ಅಳು. ಹೊರಸುತ್ತು ತೀರಾ ದೊಡ್ಡದಾದರೆ ಕಪ್ಪುಭಾಗ ಅಗಲವಾಗಿ ಸ್ತನ ಚಪ್ಪಟೆಯಾಗುತ್ತದೆ. ಬಿಗಿಯಲು ಕರಗದ ದಾರ ಬೇಕು.

ಕಂಕುಳ ಕಡೆಯ ದೊಡ್ಡ ಗಡ್ಡೆಗೆ ರ‍್ಯಾಕೆಟ್ ಕೊಯ್ತ ಇದೆ. ತೊಟ್ಟಿನ ಸುತ್ತ ಒಂದು ಸುತ್ತು, ಅಲ್ಲಿಂದ ಕಂಕುಳಿಗೆ ಉದ್ದದ ಹಿಡಿಕೆ. ಒಂದೇ ಗಾಯದಲ್ಲಿ ಕಂಕುಳ ಗಂಟುಗಳನ್ನೂ ತೆಗೆಯಬಹುದು. ಗುರುತು ಉದ್ದ ಕಾಣುತ್ತದೆ, ರವಿಕೆಯೊಳಗೆ ಮುಚ್ಚಿಹೋಗುತ್ತದೆ. ತೊಟ್ಟಿನ ಅಡಿಯಲ್ಲೇ ಗಡ್ಡೆಯಿದ್ದು ತೊಟ್ಟನ್ನೇ ತೆಗೆಯಬೇಕಾದರೆ ಗ್ರಿಸೊಟ್ಟಿ ವಿಧಾನದಲ್ಲಿ ಕೆಳಗಿನ ಗ್ರಂಥಿಯನ್ನು ಒಂದು ದುಂಡು ಚರ್ಮದ ಸಮೇತ ಮೇಲಕ್ಕೆ ತಿರುಗಿಸಿ ಆ ಜಾಗ ತುಂಬುತ್ತಾರೆ. ತೊಟ್ಟು ಹೋದರೆ ಸ್ತನವೂ ಹೋಗಲೇಬೇಕು ಎಂಬ ಹಳೆಯ ನಿಯಮ ಈಗಿಲ್ಲ.

ದೊಡ್ಡದಾಗಿ ಜೋತುಬಿದ್ದ ಸ್ತನದ ಕೆಳಭಾಗದಲ್ಲಿ ಗಡ್ಡೆಯಿದ್ದರೆ ಸ್ತನ ಕಿರಿದುಮಾಡುವ ಆಪರೇಷನ್ನಿನ ನಕ್ಷೆಯನ್ನೇ ಬಳಸುತ್ತಾರೆ. ಹೇಗೂ ತೆಗೆಯುವ ಭಾಗದೊಳಗೇ ಗಡ್ಡೆ ಹೋಗುತ್ತದೆ. ಅಂಚು ಧಾರಾಳ ಸಿಗುತ್ತದೆ. ಉಳಿದ ಸ್ತನ ಚಿಕ್ಕದಾದ್ದರಿಂದ ರೇಡಿಯೇಷನ್ ಸಮವಾಗಿ ತಾಗುತ್ತದೆ, ಅಡಿಮಡಿಕೆಯಲ್ಲಿ ಬೆವರಿ ಚರ್ಮ ಕೊಳೆಯುವ ಕಾಟವೂ ತಪ್ಪುತ್ತದೆ. ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗದ ಹೊಸನಗರ, ಆಗುಂಬೆ ಕಡೆಯವರಿಗೆ ಇದು ಚಿಲ್ಲರೆ ಲಾಭವಲ್ಲ. ತೊಂದರೆ ಇರುವುದು ತಲೆಕೆಳಗಾದ ಟಿ ಆಕಾರದ ಹೊಲಿಗೆಯಲ್ಲಿ. ಮೂರು ಚರ್ಮದ ತುದಿಗಳು ಸೇರುವ ಬಿಂದುವಿಗೆ ರಕ್ತ ಕಡಿಮೆ, ಅಲ್ಲಿ ಗಾಯ ಬಿಟ್ಟುಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ತೂಕ, ಬೀಡಿ ಸಿಗರೇಟು ಇದ್ದರೆ ಇನ್ನೂ ಜಾಸ್ತಿ. ಬರೀ ಡ್ರೆಸ್ಸಿಂಗ್‌ನಲ್ಲಿ ಮಾಯುವ ಗಾಯವೇ ಆದರೂ ಮೂರು ವಾರ ಎಳೆದರೆ ಕೀಮೋ ಮುಂದಕ್ಕೆ ಹೋಗುತ್ತದೆ, ಅಲ್ಲಿ ನಿಜವಾದ ನಷ್ಟ. ಆಪರೇಷನ್ ಆದ 4ರಿಂದ 6 ವಾರದೊಳಗೆ ಕೀಮೋ ಶುರುವಾಗಬೇಕು. 90 ದಿನ ದಾಟುವುದು ಯಾವ ಕಾರಣಕ್ಕೂ ಸಲ್ಲ. ಇನ್ನೊಂದು ಸ್ತನ ದೊಡ್ಡದಾಗಿಯೇ ಉಳಿಯುತ್ತದೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಅದನ್ನು ಸರಿಸಮ ಮಾಡುವುದು ಅದೇ ದಿನವೋ ರೇಡಿಯೇಷನ್ ಮುಗಿದ ಮೇಲೋ ಎಂಬುದು ಬೇರೆ ನಿರ್ಧಾರ, ಬೇರೆ ಖರ್ಚು.

ಸ್ತನ ಚಿಕ್ಕದು, ಗುಳಿ ದೊಡ್ಡದು ಎಂದಾಗ ಹೊರಗಿನಿಂದ ತಂದು ತುಂಬಬೇಕು. ಪಕ್ಕೆಯ ಮಡಿಕೆಯ ಕೊಬ್ಬು ಮತ್ತು ಚರ್ಮವನ್ನು ಪಕ್ಕೆಲುಬುಗಳ ನಡುವಿನಿಂದ ಬರುವ ಸಣ್ಣ ರಕ್ತನಾಳದ ಮೇಲೆ ಉಳಿಸಿಕೊಂಡು ಒಳಕ್ಕೆ ತಿರುಗಿಸುವುದು ಲೈಕ್ಯಾಪ್. ಮೊದಲು ಕೈಯಲ್ಲಿ ಹಿಡಿಯುವ ಡಾಪ್ಲರ್‌ನಲ್ಲಿ ನಾಳದ ಸದ್ದು ಕೇಳಿ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಬೇಕು. ಸ್ನಾಯು ಮುಟ್ಟುವುದಿಲ್ಲ, ಹೊರಭಾಗದ ಗುಳಿಗೆ ಸೊಗಸಾಗಿ ಕೂರುತ್ತದೆ, ಎದೆಮೂಳೆಯ ಕಡೆಗೆ ಎಟುಕುವುದಿಲ್ಲ. ಇದಕ್ಕಿಂತ ಹಳೆಯದು ಬೆನ್ನಿನ ಎಲ್‌ಡಿ ಸ್ನಾಯು ತರುವುದು. ಎಲ್ಲಿಗೆ ಬೇಕಾದರೂ ಎಟುಕುತ್ತದೆ, ರಕ್ತಸಂಚಾರ ಭದ್ರ. ಆದರೆ ಬೆನ್ನಿನಲ್ಲಿ ವಾರಗಟ್ಟಲೆ ನೀರು ತುಂಬುತ್ತದೆ, ಜಗ್ಗುವ, ಎಳೆಯುವ, ಕೈ ಮೇಲೆತ್ತಿ ಮಾಡುವ ಕೆಲಸಕ್ಕೆ ಬಲ ಕುಗ್ಗುತ್ತದೆ. ತೋಟದ ಕೆಲಸ ಮಾಡುವವರಿಗೆ, ಬಾವಿಯಿಂದ ನೀರು ಸೇದುವವರಿಗೆ ಇದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದೇ ವಾಸಿ.

ಗಡ್ಡೆ ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಚಿಕ್ಕ ಆಪರೇಷನ್ ಮಾಡುವ ದಾರಿಯೂ ಇದೆ. ಹರ್-2 ಎಂಬ ಪ್ರೋಟೀನು ಹೆಚ್ಚಿರುವ ಹರ್-2 ಪಾಸಿಟಿವ್ ಗಡ್ಡೆಗಳು, ಹಾರ್ಮೋನ್ ಗ್ರಾಹಿಗಳೂ ಹರ್-2 ಕೂಡ ಇಲ್ಲದ ಟ್ರಿಪಲ್ ನೆಗೆಟಿವ್ ಗಡ್ಡೆಗಳು ಚೆನ್ನಾಗಿ ಕರಗುತ್ತವೆ, ಕೆಲವೊಮ್ಮೆ ಪೂರ್ತಿಯಾಗಿ. ಪೂರ್ತಿ ಕರಗಿದರೆ ಹೊಸ ಪೇಚು: ಎಲ್ಲಿಂದ ತೆಗೆಯುವುದು? ಅದಕ್ಕೇ ಕೀಮೋ ಶುರುವಿಗೆ ಮುಂಚೆ ಸ್ಕ್ಯಾನಿಂಗ್ ನೋಡುತ್ತಾ ಗಡ್ಡೆಯ ನಡುವೆ ಲೋಹದ ಸಣ್ಣ ಕ್ಲಿಪ್ ಇಡಬೇಕು. ಎರಡು ಡೋಸ್ ಆದಮೇಲೆ ನೆನಪಾದರೆ ತಡವಾಗಿರಬಹುದು. ಆಪರೇಷನ್ ದಿನ ಕೈಗೆ ಸಿಗದ ಗಡ್ಡೆ ಅಥವಾ ಕ್ಲಿಪ್ ಇರುವಲ್ಲಿಗೆ ತುದಿಯಲ್ಲಿ ಕೊಕ್ಕೆಯಿರುವ ತಂತಿ ಹಾಕಿ ಕಳಿಸುತ್ತಾರೆ. ತಂತಿ ಅಗ್ಗ, ಎಲ್ಲೆಡೆ ಸಿಗುತ್ತದೆ, ಟ್ರಾಲಿ ಬದಲಿಸುವಾಗ ಜಗ್ಗಿದರೆ ಜಾರುತ್ತದೆ. ತಂತಿಯ ಬದಲು ಗಡ್ಡೆಯೊಳಗಿಡುವ ಕಾಂತದ ಬೀಜ, ವಿಕಿರಣದ ಬೀಜಗಳು ಜಾರುವುದಿಲ್ಲ, ದುಬಾರಿ. ಥಿಯೇಟರಿನೊಳಗೇ ಸ್ಕ್ಯಾನಿಂಗ್ ಮೆಷಿನ್ ಇದ್ದು ನೋಡಿಕೊಂಡು ಕತ್ತರಿಸುವವರಿದ್ದರೆ ಬಹಳ ಸಲ ಇದ್ಯಾವುದೂ ಬೇಡ.

ತುಂಡು ಹೊರಬಂದ ಮೇಲೆ

ಯಾವ ವಿಧಾನವಾದರೂ ಗೆಲ್ಲುವುದು ಸೋಲುವುದು ಈ ಹದಿನೈದು ನಿಮಿಷದಲ್ಲಿ. ತುಂಡು ಹೊರಬರುತ್ತಿದ್ದಂತೆ ದಿಕ್ಕು ಗುರುತಿಸಲು ದಾರ ಕಟ್ಟುತ್ತಾರೆ: ಮೇಲಿನ ಕಡೆಗೆ ಗಿಡ್ಡ, ಹೊರಪಕ್ಕಕ್ಕೆ ಉದ್ದ. ಒಮ್ಮೆ ಟ್ರೇ ಮೇಲೆ ಉರುಳಿದರೆ ಯಾವುದು ಮೇಲೆ ಯಾವುದು ಕೆಳಗೆ ಎಂದು ಯಾರೂ ಹೇಳಲಾರರು. ಆಮೇಲೆ ಪ್ಯಾಥಾಲಜಿಯಲ್ಲಿ ಆರು ಮುಖಕ್ಕೆ ಬೇರೆ ಬೇರೆ ಬಣ್ಣದ ಶಾಯಿ ಬಳಿದು, ಒಣಗಿಸಿ, ಬ್ರೆಡ್ಡಿನಂತೆ ಹೋಳು ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣಕ್ಕೆ ಶಾಯಿ ತಾಗಿದ್ದರೆ ಅಂಚು ಪಾಸಿಟಿವ್, ಇನ್ನೊಮ್ಮೆ ಆಪರೇಷನ್. ತಾಗದಿದ್ದರೆ ಸಾಕು, ಕೂದಲೆಳೆ ಅಂತರವಾದರೂ ಸರಿ. ಹಾಲಿನ ನಾಳ ದಾಟಿ ಹರಡುವ ಕ್ಯಾನ್ಸರಿಗೆ 2014ರಿಂದ ಅಮೆರಿಕದ ಮಾರ್ಗಸೂಚಿ ಇದೇ. ನಾಳದೊಳಗೇ ಇರುವ ಡಿಸಿಐಎಸ್‌ಗೆ ಮಾತ್ರ 2 ಮಿಲಿಮೀಟರ್ ಬೇಕು. "1 ಸೆಂಮೀ ಅಂಚು ಸಿಕ್ಕಿಲ್ಲ, ಪೂರ್ತಿ ತೆಗೆಯಬೇಕು" ಎಂದು ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ಕೇಳುವುದು ನ್ಯಾಯ.

ಶಾಯಿ ತೇವವಾಗಿರುವಾಗಲೇ ಕತ್ತರಿಸಿದರೆ ಬಿರುಕುಗಳೊಳಗೆ ಹರಿದು ಇಲ್ಲದ ಪಾಸಿಟಿವ್ ತೋರಿಸುತ್ತದೆ. ಎಕ್ಸ್‌ರೇಗೆಂದು ತುಂಡನ್ನು ಜೋರಾಗಿ ಒತ್ತಿದರೂ ಅದು ರೊಟ್ಟಿಯಂತೆ ಚಪ್ಪಟೆಯಾಗಿ ಅಂಚು ಕಿರಿದಾಗುತ್ತದೆ. ಟೇಬಲ್ ಮೇಲಿರುವಾಗಲೇ ನೋಡುವ ಫ್ರೋಜನ್ ಸೆಕ್ಷನ್ ಎಲ್ಲ ಕಡೆ ಇಲ್ಲ. ಇದ್ದರೂ ಕೊಬ್ಬು ಸರಿಯಾಗಿ ಹೆಪ್ಪುಗಟ್ಟದೆ ಸತಾಯಿಸುತ್ತದೆ. ಅದಿಲ್ಲದ ಊರಲ್ಲಿ ಗುಳಿಯ ಎಲ್ಲ ಗೋಡೆಗಳಿಂದ ಇನ್ನೊಂದು ತೆಳು ಪದರ ತೆಗೆದು ಬೇರೆ ಬೇರೆ ಡಬ್ಬಿಯಲ್ಲಿ ಕಳಿಸುವುದು ಒಳ್ಳೆಯ ಉಪಾಯ. 2015ರ ಒಂದು ಅಮೆರಿಕನ್ ಪರೀಕ್ಷೆಯಲ್ಲಿ ಇಷ್ಟರಿಂದಲೇ ಪಾಸಿಟಿವ್ ಅಂಚು 34 ಪರ್ಸೆಂಟಿನಿಂದ 19ಕ್ಕೆ, ಮತ್ತೆ ಆಪರೇಷನ್ 21ರಿಂದ 10ಕ್ಕೆ ಇಳಿಯಿತು.

ಜಿಲ್ಲಾ ಊರುಗಳಲ್ಲಿ ಕಾಣುವ ಇನ್ನೊಂದು ಅಧ್ವಾನ ಫಾರ್ಮಲಿನ್‌ದು, ಅಂದರೆ ತುಂಡು ಕೆಡದಂತೆ ಮುಳುಗಿಸಿಡುವ ದ್ರವದ್ದು. ಸಣ್ಣ ಬಾಟಲಿಗೆ ದೊಡ್ಡ ತುಂಡು ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದು, ಸಂಜೆ ಬಸ್ಸಿಗೆ ಕೊಟ್ಟು ಕಳಿಸುವುದು. ಒಳಭಾಗಕ್ಕೆ ಫಾರ್ಮಲಿನ್ ಇಳಿಯುವುದರೊಳಗೆ ಅಂಗಾಂಶ ಹಾಳಾಗಿ, ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ಹೇಳುವ ಇಆರ್, ಪಿಆರ್ ಪರೀಕ್ಷೆಗಳು ಸುಳ್ಳೇ ನೆಗೆಟಿವ್ ಬರಬಹುದು. ಐದು ವರ್ಷ ಮಾತ್ರೆ ನುಂಗಿ ಲಾಭ ಪಡೆಯಬಹುದಾಗಿದ್ದವರಿಗೆ ಮಾತ್ರೆಯೇ ಸಿಗುವುದಿಲ್ಲ. ಒಂದು ತಾಸಿನೊಳಗೆ ಫಾರ್ಮಲಿನ್‌ಗೆ ಬೀಳಬೇಕು, ತುಂಡಿನ ಹತ್ತು ಪಟ್ಟು ದ್ರವ ಇರಬೇಕು, 6ರಿಂದ 72 ತಾಸು ನೆನೆಯಬೇಕು. ಅಗಲ ಬಾಯಿಯ ಡಬ್ಬಿ ಕೇಳಿ ಪಡೆಯಿರಿ, ಅದಕ್ಕೇನೂ ದೊಡ್ಡ ದುಡ್ಡಲ್ಲ.

ಗುಳಿಯ ಕಡೆಯ ಕೆಲಸ ಇನ್ನೊಂದಿದೆ. ಗ್ರಂಥಿ ಸರಿಸುವ ಮುಂಚೆ ಗುಳಿಯ ನಾಲ್ಕು ಗೋಡೆಗೂ ತಳಕ್ಕೂ ಟೈಟೇನಿಯಂ ಕ್ಲಿಪ್ ಹಾಕಬೇಕು. ರೇಡಿಯೇಷನ್‌ನವರು ಹೆಚ್ಚಿನ ಡೋಸ್ ಎಲ್ಲಿ ಕೊಡಬೇಕೆಂದು ಸಿಟಿ ಸ್ಕ್ಯಾನ್‌ನಲ್ಲಿ ನೋಡುವುದು ಈ ಕ್ಲಿಪ್‌ಗಳನ್ನೇ. ಎರಡನೇ ಮಟ್ಟದ ಆಪರೇಷನ್ನಿನಲ್ಲಿ ಗಾಯದ ಗುರುತು ಒಂದು ಕಡೆ, ಗಡ್ಡೆಯಿದ್ದ ಜಾಗ ಇನ್ನೊಂದು ಕಡೆ ಆಗಿರುತ್ತದೆ. ಕ್ಲಿಪ್ ಇಲ್ಲದೆ ಗುರುತು ನೋಡಿ ಡೋಸ್ ಕೊಟ್ಟರೆ ತಪ್ಪಿದ ಜಾಗಕ್ಕೆ ಹೋಗುತ್ತದೆ.

ಇಷ್ಟರ ನಡುವೆ ತೀರಾ ಅಗ್ಗದ ಒಂದು ಸಂಗತಿ. ಟಾಟಾ ಮೆಮೋರಿಯಲ್‌ನ ರಾಜೇಂದ್ರ ಬಡ್ವೆ ತಂಡ ದೇಶದ 11 ಆಸ್ಪತ್ರೆಗಳಲ್ಲಿ 1,600 ಮಹಿಳೆಯರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ್ದು: ಕೊಯ್ಯುವ 7ರಿಂದ 10 ನಿಮಿಷ ಮುಂಚೆ ಗಡ್ಡೆಯ ಸುತ್ತ 0.5 ಪರ್ಸೆಂಟ್ ಲಿಗ್ನೊಕೇನ್ ಚುಚ್ಚಿದವರಲ್ಲಿ ಐದು ವರ್ಷದ ಬದುಕುಳಿಕೆ 90.1 ಪರ್ಸೆಂಟ್, ಚುಚ್ಚದವರಲ್ಲಿ 86.4. ಹಲ್ಲು ಕೀಳುವಾಗ ಕೊಡುವ ಅದೇ ಮದ್ದು, ಬೆಲೆ ನೂರು ರೂಪಾಯಿಯ ಆಸುಪಾಸು. ಕೇಳಿ ನೋಡಲು ಸಂಕೋಚ ಬೇಡ.

ಕಂಕುಳು

ಕೈಗೆ ಸಿಗುವ ಗಂಟಿಲ್ಲದಿದ್ದರೆ ಕಂಕುಳನ್ನು ಪೂರ್ತಿ ಖಾಲಿ ಮಾಡಬೇಕಿಲ್ಲ. ತೊಟ್ಟಿನ ಅಡಿಗೆ ತೆಳುಮಾಡಿದ ಮೆಥಿಲೀನ್ ಬ್ಲೂ ಚುಚ್ಚಿ, ಐದು ನಿಮಿಷ ತಿಕ್ಕಿ, ನೀಲಿ ಏರಿದ ಮೊದಲ ಗಂಟುಗಳನ್ನಷ್ಟೇ ತೆಗೆದು ನೋಡುತ್ತಾರೆ. ಇದೇ ಸೆಂಟಿನಲ್ ಬಯಾಪ್ಸಿ. ಜೊತೆಗೆ ವಿಕಿರಣದ ದ್ರವ ಅಥವಾ ಹಸಿರು ಐಸಿಜಿ ಬಣ್ಣವೂ ಇದ್ದರೆ ತಪ್ಪುವ ಸಂಭವ ಕಡಿಮೆ. ಕೀಮೋ ಆದಮೇಲೆ ಮಾಡುವುದಾದರೆ ಕನಿಷ್ಠ ಮೂರು ಗಂಟು ಬೇಕು. ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಮೆಥಿಲೀನ್ ಬ್ಲೂ ಅವುಗಳಲ್ಲಿ ಕೆಲವಕ್ಕೆ ಆಗಿಬರುವುದಿಲ್ಲ, ಜ್ವರ, ನಡುಕ, ಗೊಂದಲ ಶುರುವಾಗಬಹುದು. ಮರುದಿನ ಮೂತ್ರ ಹಸಿರು ಬಂದರೆ ಗಾಬರಿಯಾಗಬೇಡಿ.

ಪೂರ್ತಿ ಖಾಲಿ ಮಾಡಿದ್ದರೆ ಆ ಕೈಯ ಕಥೆ ಬೇರೆ. ಡ್ರೈನ್ ಚೀಲದಲ್ಲಿ ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಎರಡು ದಿನ ಬಂದರೆ ತೆಗೆಯುವುದು ರೂಢಿ. ಆಮೇಲೆ ಆ ಕೈಗೆ ಆದ ಗಾಯ ಕೀವಾದರೆ ಕೈ ಊದಿ ಹಾಗೇ ಉಳಿಯಬಹುದು. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು ಇದನ್ನು ಗಂಭೀರವಾಗಿ ತಗೊಳ್ಳಬೇಕು. ದಪ್ಪ ಕೈಗವಸು ಹಾಕಿ, ಗೀರಿದ ತಕ್ಷಣ ಸೋಪು ಹಾಕಿ ತೊಳೆದು ಮುಲಾಮು ಹಚ್ಚಿ, ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಕೈ ಆಡಿಸಲೇ ಬಾರದು ಎಂಬುದು ತಪ್ಪು. ಮೊದಲ ದಿನದಿಂದ ಬೆರಳು, ಮೊಣಕೈ, ಡ್ರೈನ್ ತೆಗೆದ ಮೇಲೆ ಗೋಡೆಗೆ ಬೆರಳು ಹತ್ತಿಸುತ್ತಾ ಭುಜ. ರೇಡಿಯೇಷನ್ ಟೇಬಲ್ ಮೇಲೆ ಕೈ ತಲೆಯ ಹಿಂದಕ್ಕೆ ಹೋಗದಿದ್ದರೆ ಚಿಕಿತ್ಸೆಯೇ ನಿಂತುಹೋಗುತ್ತದೆ.

ರೇಡಿಯೇಷನ್, ಘಾಟಿ, ಕಾರ್ಡು

ಊರಲ್ಲಿ "ಕರೆಂಟು ಕೊಡೋದು" ಎನ್ನುವ ಇದನ್ನು ಬಿಟ್ಟರೆ ಮೇಲಿನ ಅಷ್ಟೂ ವಿಧಾನಗಳ ಅಂಕ ಇಳಿಯುತ್ತದೆ. ಫಿಶರ್ ಪರೀಕ್ಷೆಯಲ್ಲಿ ಗಡ್ಡೆ ಮಾತ್ರ ತೆಗೆಸಿ ರೇಡಿಯೇಷನ್ ತಗೊಳ್ಳದವರಲ್ಲಿ 20 ವರ್ಷದಲ್ಲಿ ಅದೇ ಸ್ತನಕ್ಕೆ ಮರಳಿದ್ದು 39.2 ಪರ್ಸೆಂಟ್, ತಗೊಂಡವರಲ್ಲಿ 14.3. ವಯಸ್ಸು 70 ದಾಟಿ, ಗಡ್ಡೆ 2 ಸೆಂಮೀ ಒಳಗಿದ್ದು, ಕಂಕುಳಿನ ಗಂಟುಗಳಿಗೆ ಕ್ಯಾನ್ಸರ್ ಹರಡದೆ, ಇಆರ್ ಪಾಸಿಟಿವ್ ಆಗಿ ಐದು ವರ್ಷ ಮಾತ್ರೆಯನ್ನು ತಪ್ಪದೆ ನುಂಗುವಂಥವರಿಗೆ ಬಿಡುವ ಮಾತು. ಅವರಲ್ಲೂ ಹತ್ತು ವರ್ಷದಲ್ಲಿ ಮರಳುವುದು 2ರ ಬದಲು 10 ಪರ್ಸೆಂಟ್ ಆಗುತ್ತದೆ, ಆಯುಸ್ಸಿನಲ್ಲಿ ವ್ಯತ್ಯಾಸ ಬರುವುದಿಲ್ಲ.

ಹಿಂದೆ ಐದು ವಾರ 25 ಸಲ ಕೊಡುತ್ತಿದ್ದುದು ಈಗ ಮೂರು ವಾರದಲ್ಲಿ 15 ಸಲ, ಒಟ್ಟು 40 ಗ್ರೇ (ವಿಕಿರಣದ ಅಳತೆ). 2020ರ ಬ್ರಿಟನ್ ಫಲಿತಾಂಶದ ನಂತರ ಆಯ್ದವರಿಗೆ ಒಂದೇ ವಾರ, 5 ಸಲ, 26 ಗ್ರೇ. ಕೊಪ್ಪ, ಶೃಂಗೇರಿಯಿಂದ ಮಣಿಪಾಲಕ್ಕೆ ಘಾಟಿ ಇಳಿದು ಹೋಗುವವರಿಗೆ, ಸಾಗರದಿಂದ ಬೆಂಗಳೂರಿನ ಕಿದ್ವಾಯಿಗೆ ಹೋಗಿ ರೂಮು ಮಾಡಿ ಉಳಿಯುವವರಿಗೆ ಈ ಲೆಕ್ಕ ಆಪರೇಷನ್ನಿನ ಲೆಕ್ಕಕ್ಕಿಂತ ದೊಡ್ಡದು. ಶುರುವಾದ ಮೇಲೆ ನಡುವೆ ದಿನ ತಪ್ಪಬಾರದು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಎರಡು ದಿನ ಹೋಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಓಡಾಡುವ ಯೋಚನೆ ಬಿಟ್ಟು ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಕೀಮೋ ಇಲ್ಲದಿದ್ದರೆ ಗಾಯ ಮಾಗಿದ ಮೇಲೆ 4ರಿಂದ 8 ವಾರದಲ್ಲಿ ಶುರು. ಎಡಗಡೆಯಾದರೆ ಉಸಿರು ಬಿಗಿಹಿಡಿಸಿ ಹೃದಯ ತಪ್ಪಿಸುವ ಸೌಲಭ್ಯ ಇದೆಯೇ ಎಂದು ಕೇಳಿ. ಆಪರೇಷನ್ ಟೇಬಲ್ ಮೇಲೇ ಒಂದೇ ಸಲ ಕೊಡುವ ಯಂತ್ರಗಳ ಜಾಹೀರಾತು ಕಂಡರೆ ಆತುರ ಬೇಡ. ಆಯ್ದ ಸಣ್ಣ ಗಡ್ಡೆಗಳಲ್ಲೂ ಅದರಲ್ಲಿ ಮರಳುವ ಪ್ರಮಾಣ ಜಾಸ್ತಿ ಕಂಡಿದೆ.

ಹಣದ ಕಡೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದ ಮಿತಿಯಲ್ಲಿ. ಆಪರೇಷನ್, ಕೀಮೋ, ರೇಡಿಯೇಷನ್ ಬೇರೆ ಬೇರೆ ಪ್ಯಾಕೇಜುಗಳು. ಒಂದಕ್ಕೆ ಅನುಮತಿ ಸಿಕ್ಕಿತೆಂದು ಉಳಿದವಕ್ಕೂ ಸಿಕ್ಕಿದಂತಲ್ಲ. ಹೊರಡುವ ಮುಂಚೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಶಿಫಾರಸು ಪತ್ರ, ರೇಷನ್ ಕಾರ್ಡು, ಆಧಾರ್ ಸರಿಮಾಡಿಕೊಂಡರೆ ಅಲ್ಲಿ ಕೌಂಟರಿನಿಂದ ಕೌಂಟರಿಗೆ ಅಲೆಯುವುದು ತಪ್ಪುತ್ತದೆ.

ಹಾಗಾದರೆ ಆಯ್ಕೆ? ಹೊರಮೇಲ್ಭಾಗದ 2 ಸೆಂಮೀ ಗಡ್ಡೆಗೆ ಊರಲ್ಲೇ ಲಂಪೆಕ್ಟಮಿ, ಗ್ರಂಥಿ ಸರಿಸಿ ಹೊಲಿಗೆ, ಕ್ಲಿಪ್, ಸೆಂಟಿನಲ್ ಇಷ್ಟು ಸಿಗುವುದಾದರೆ ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಎದೆಮೂಳೆಯ ಕಡೆಯದ್ದು, ಕೆಳಭಾಗದ್ದು, ತೊಟ್ಟಿನ ಅಡಿಯದ್ದು, 20 ಪರ್ಸೆಂಟ್ ಮೀರುವುದು, ಕೀಮೋ ನಂತರ ಕಾಣದೆ ಹೋದದ್ದು, ಇವಕ್ಕೆ ಎರಡನೇ ಮಟ್ಟದ ಕೈ ಪಳಗಿದವರನ್ನು ಹುಡುಕಿಕೊಂಡು ಹೋಗುವುದು ಸರಿ.

ರೇಡಿಯೇಷನ್ ಮುಗಿದ 6ರಿಂದ 12 ತಿಂಗಳಿಗೆ ಮೊದಲ ಮ್ಯಾಮೊಗ್ರಾಮ್, ಆಮೇಲೆ ವರ್ಷಕ್ಕೊಂದು. ಹೋಗುವಾಗ ಹಳೆಯ ಫಿಲ್ಮು, ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು. ಆಪರೇಷನ್ ನೋಟ್ಸಿನ ಜೆರಾಕ್ಸ್ ಬೇಕು, ಅದರಲ್ಲಿ ವಿಧಾನದ ಹೆಸರು, ಗ್ರಂಥಿಯನ್ನು ಎಲ್ಲಿಂದ ಎಲ್ಲಿಗೆ ಸರಿಸಿದರು, ಕ್ಲಿಪ್ ಎಷ್ಟು ಎಂಬುದು ಬರೆದಿರಬೇಕು. ಡಿಸ್ಚಾರ್ಜ್ ದಿನವೇ ಕೇಳಿ ಇಸಿದುಕೊಳ್ಳಿ. ಎರಡು ವರ್ಷ ಬಿಟ್ಟು ರೆಕಾರ್ಡ್ ರೂಮಿನಲ್ಲಿ ಹುಡುಕಿಸುವುದು ಆಗುಹೋಗದ ಕೆಲಸ, ಅದಿಲ್ಲದೆ ಸತ್ತ ಕೊಬ್ಬಿನ ಗಂಟಿಗೂ ಹೊಸ ಗಡ್ಡೆಗೂ ಸ್ಕ್ಯಾನಿಂಗ್ ಡಾಕ್ಟರು ಸೂಜಿ ಹಾಕಿಯೇ ಉತ್ತರ ಹೇಳಬೇಕಾಗುತ್ತದೆ.